ಏಣಿ ಆಟದ ಕೊನೆಯ ಕೋಣೆ

ಸತ್ತವರು ಬಂದು ಹೋಗುವುದು, ಕಾಣಿಸಿಕೊಳ್ಳುವುದು ಇಂಥ ಮಾತು ಬಂದಾಗ ನಾನು ಸುಮ್ಮನೆ ನಗುತ್ತಿದ್ದವನು. ವಾದ ಮಾಡುತ್ತಿದ್ದೆ ಎಂದೂ ಅಲ್ಲ. ವಾದ ಮಾಡುವಷ್ಟು ಗೌರವವನ್ನೂ ಆ ಮಾತುಗಳಿಗೆ ಕೊಟ್ಟಿರಲಿಲ್ಲ. ಕೊಪ್ಪದಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಅದು ಎಂಥ ಯಂತ್ರವೆಂದರೆ, ತಪ್ಪು ಹೇಳಿದರೆ ತಪ್ಪನ್ನೇ ಮಾಡುತ್ತದೆ, ಹೇಳದಿದ್ದರೆ ಏನನ್ನೂ ಮಾಡುವುದಿಲ್ಲ. ದಿನವಿಡೀ ಅದರ ಎದುರು ಕೂರುವವನ ತಲೆಯಲ್ಲಿ ಬೇರೆ ನಂಬಿಕೆಗಳಿಗೆ ಜಾಗ ಉಳಿಯುವುದಿಲ್ಲ. ಈಗಲೂ ನಾನು ದೆವ್ವವನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ನರಸಿಂಹರಾಜಪುರದ ಒಂದು ಮನೆಯಲ್ಲಿ, ಹಾಡುಹಗಲಿನಲ್ಲಿ, ನಾವು ಮೂವರು ಒಟ್ಟಿಗೆ ನೋಡಿದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಅಪ್ಪನಿಗೆ ನರಸಿಂಹರಾಜಪುರದಲ್ಲಿ ಕೆಲಸವಿದ್ದಾಗ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲೇ ಜೋಸಿಯ ಮನೆ. ಅವನ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ್ದ ಕ್ರೈಸ್ತ ಕುಟುಂಬ ಅದು. ಜೋಸಿ ನನ್ನ ಓರಗೆಯವನು, ಅವನ ತಂಗಿ ಲಿಲ್ಲಿ ನಮಗಿಂತ ಸ್ವಲ್ಪ ಚಿಕ್ಕವಳು. ತಂದೆ ಮೊದಲೇ ತೀರಿಕೊಂಡಿದ್ದರು. ತಾಯಿಯನ್ನು ಅವರಿಬ್ಬರೂ ಅಮ್ಮಚ್ಚಿ ಎನ್ನುತ್ತಿದ್ದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ಅವರು ಜೋಸಿಯ ಹಾಗೆ ನನ್ನನ್ನೂ ಮೋನೇ, ಅಂದರೆ ಮಗನೇ, ಎನ್ನುತ್ತಿದ್ದರು. ನಾವು ಹೈಸ್ಕೂಲಿನಲ್ಲಿದ್ದಾಗ ಗಲ್ಫಿನಲ್ಲಿದ್ದ ಅವರ ಚಿಕ್ಕಪ್ಪ ಒಂದು ಕಂಪ್ಯೂಟರ್ ತಂದುಕೊಟ್ಟರು. ಈಗಿನ ಹಾಗಲ್ಲ. ದಪ್ಪನೆಯ ಕೀಬೋರ್ಡೇ ಕಂಪ್ಯೂಟರ್. ಅದನ್ನು ಟಿವಿಗೆ ಸಿಕ್ಕಿಸಬೇಕು, ಆಟವನ್ನು ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ತುಂಬಿಸಬೇಕು. ಆಟ ತುಂಬುವಾಗ ಹೊರಡುವ ಕೀಚಲು ಸದ್ದಿಗೆ ಅಮ್ಮಚ್ಚಿ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಆ ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ಯಾರೋ ಯಾರಿಂದಲೋ ನಕಲು ಮಾಡಿಕೊಂಡದ್ದು. ನಾವು ಅದನ್ನು ಏಣಿ ಆಟ ಎಂದು ಕರೆದೆವು. ಕಪ್ಪು ಪರದೆಯ ಮೇಲೆ ಟೋಪಿ ಹಾಕಿದ ಒಬ್ಬ ಪುಟ್ಟ ಮನುಷ್ಯ. ಅವನು ಹಲಗೆಯಿಂದ ಹಲಗೆಗೆ ಹಾರಬೇಕು, ಹಾವುಗಳಿಂದ ತಪ್ಪಿಸಿಕೊಳ್ಳಬೇಕು, ಹಳದಿ ಏಣಿ ಹತ್ತಿ ಮುಂದಿನ ಕೋಣೆಗೆ ಹೋಗಬೇಕು. ಹಿನ್ನೆಲೆಯಲ್ಲಿ ಒಂದು ಸಣ್ಣ ಹಾಡು ನುಡಿಯುತ್ತಲೇ ಇರುತ್ತಿತ್ತು. ಅವನು ಸತ್ತರೆ ಮಾತ್ರ ಹಾಡು ತಟ್ಟನೆ ನಿಂತು ಮೊದಲಿನಿಂದ ಶುರುವಾಗುತ್ತಿತ್ತು. ಕೋಣೆಗಳಿಗೆ ನಾವೇ ಹೆಸರಿಟ್ಟಿದ್ದೆವು. ನೀರಿನ ಮೇಲೆ ಹಾರಬೇಕಾದದ್ದು ಹಿನ್ನೀರು. ಅಲುಗಾಡುವ ಹಲಗೆಯ ಮೇಲೆ ನಿಂತು ಸಾಗಬೇಕಾದದ್ದು, ಆ ಊರಿನ ರಸ್ತೆಯಲ್ಲಿ ಜನ ಕುಲುಕಾಡುತ್ತಾ ನಿಂತು ಹೋಗುವ ಜೀಪಿನ ನೆನಪಿಗೆ, ಬಸರೀಕಟ್ಟೆ ಜೀಪು.

ಮೂವರಲ್ಲಿ ಚೆನ್ನಾಗಿ ಆಡುತ್ತಿದ್ದವನು ಜೋಸಿ. ಅವನದೊಂದು ವಿಚಿತ್ರ ಅಭ್ಯಾಸ. ಕಷ್ಟದ ಜಾಗದಲ್ಲಿ ಹಾರುವ ಮೊದಲು ಆ ಮನುಷ್ಯ ನಿಂತಲ್ಲೇ ಎರಡು ಸಲ ಕುಪ್ಪಳಿಸುವಂತೆ ಮಾಡುತ್ತಿದ್ದ. ಆಟಕ್ಕೆ ಅದರಿಂದ ಏನೂ ಉಪಯೋಗವಿಲ್ಲ. "ಎಂತಕ್ಕೋ ಅದು?" ಎಂದು ಲಿಲ್ಲಿ ರೇಗಿದರೆ, "ಅವ್ನಿಗೂ ಧೈರ್ಯ ಬರ್ಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದ.

ಒಂದು ದಿನ ನಾವಿಬ್ಬರೂ ಇಲ್ಲದಾಗ ಅವನು ಕೊನೆಯ ಏಣಿಯನ್ನೂ ಹತ್ತಿಬಿಟ್ಟನಂತೆ. ಕೊನೆಯ ಕೋಣೆಯಲ್ಲಿ ಏನಿತ್ತು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. "ನೀವೇ ಆಡಿ ನೋಡಿ. ಹೇಳಿದ್ರೆ ಎಂತ ಮಜಾ ಇದೆ?" ಎಂದು ನಕ್ಕ. ನಮಗೆ ಅಲ್ಲಿಯವರೆಗೆ ಹೋಗಲು ಆಗಲೇ ಇಲ್ಲ. ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಜೋಸಿಗೆ ಜ್ವರ ಬಂತು. ಮಂಗನ ಕಾಯಿಲೆ ಎಂದರು. ಮಳೆ ಹಿಡಿಯುವ ಮೊದಲೇ ಅವನು ಹೋಗಿಬಿಟ್ಟ.

ಆಮೇಲೆ ಅಪ್ಪನಿಗೆ ಕೊಪ್ಪಕ್ಕೆ ವರ್ಗವಾಯಿತು. ನಾನು ಓದಿ, ಕಂಪ್ಯೂಟರ್ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ ಕಲಿಸಲು ಸೇರಿದೆ. ಎರಡು ಸಾವಿರದ ಐದೋ ಆರೋ ಇರಬೇಕು, ಒಂದು ದಿನ ಲಿಲ್ಲಿ ಅಲ್ಲಿಗೆ ಬಂದಳು. ಕೊಪ್ಪದಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಕೇರಳದಲ್ಲಿರುವ ಸೋದರಮಾವಂದಿರು ಕರೆಯುತ್ತಿದ್ದಾರೆ, ಮನೆ ಖಾಲಿ ಮಾಡಿ ಅಮ್ಮಚ್ಚಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದಳು. ಸಾಮಾನು ಕಟ್ಟುವಾಗ ಮಂಚದ ಕೆಳಗೆ ಆ ಹಳೆಯ ಕಂಪ್ಯೂಟರ್ ಸಿಕ್ಕಿತಂತೆ. ಒಳಗೆ ಇರುವೆ ಗೂಡು ಕಟ್ಟಿತ್ತು. ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿದು ಅಂಟಿಕೊಂಡಿತ್ತು.

"ಅಮ್ಮಚ್ಚಿ ಅದನ್ನ ಮಡಿಲಲ್ಲಿ ಇಟ್ಕೊಂಡು ಕೂತಿದ್ರು ಮಾರಾಯ. ಆ ಹಾಡು ಒಂದ್ಸಲ ಕೇಳ್ಬೇಕಿತ್ತು ಅಂತಾರೆ" ಎಂದಳು. ಆಮೇಲೆ "ನಿಂಗೆ ಅದನ್ನ ಮತ್ತೆ ಮಾಡ್ಲಿಕ್ಕೆ ಬರುತ್ತಾ?" ಎಂದು ಕೇಳಿದಳು.

ಬರುತ್ತದೆ ಎಂದೆ. ಬರುತ್ತದೋ ಇಲ್ಲವೋ ಎಂದು ಯೋಚಿಸಲೇ ಇಲ್ಲ.

ಹೆಸರು ಗೊತ್ತಿದ್ದರೆ ಇಂಟರ್‌ನೆಟ್ಟಿನಲ್ಲಿ ಹುಡುಕಬಹುದಿತ್ತು. ಹೆಸರೇ ಇಲ್ಲವಲ್ಲ. ಹಾಗಾಗಿ ನಾವು ಆಡಿದ, ಜೋಸಿ ಆಡುವುದನ್ನು ನೋಡಿದ ನೆನಪಿನಿಂದಲೇ ಮಾಡಬೇಕಾಯಿತು. ತರಗತಿಗಳು ಮುಗಿದ ಮೇಲೆ ಕೂತು ಒಂದೊಂದೇ ಕೋಣೆ ಕಟ್ಟಿದೆ. ಲಿಲ್ಲಿ ರಜೆಯ ದಿನ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಹೊಸದು ಸೇರಿಸುವ ಆಸೆ ನನಗೂ ಆಗುತ್ತಿತ್ತು. ಬಣ್ಣ ಹೆಚ್ಚಿಸಬಹುದು, ಚಿತ್ರ ನುಣುಪು ಮಾಡಬಹುದು. ಅವಳು ಬಿಡುತ್ತಿರಲಿಲ್ಲ. ಹಾವು ಒರಟಾಗಿಯೇ ಇರಬೇಕು, ಹಾಡಿನಲ್ಲಿ ಒಂದು ಸ್ವರ ಕೀರಲಾಗಿತ್ತು, ಅದು ಹಾಗೇ ಬರಬೇಕು. ಮೊದಲ ಸಲ ಓಡಿಸಿದಾಗ ನಮ್ಮ ಮನುಷ್ಯ ಹೊಸ ಕಂಪ್ಯೂಟರಿನ ವೇಗಕ್ಕೆ ನೊಣದ ಹಾಗೆ ಹಾರಿಹೋದ. ಲಿಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕಣ್ಣು ಮುಚ್ಚಿ, ಹಿಂದೆ ಆಡುತ್ತಿದ್ದಂತೆ ಮೇಜಿನ ಮೇಲೆ ಬೆರಳು ಬಡಿದು ತೋರಿಸಿದಳು. ಎಲ್ಲಿ ಓಡಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಹಾರಬೇಕು ಎಂಬುದು ಅವಳ ಬೆರಳಿಗೆ ನೆನಪಿತ್ತು. ಆ ಬಡಿತಕ್ಕೆ ಸರಿಯಾಗಿ ನಾನು ವೇಗ ಕಡಿಮೆ ಮಾಡುತ್ತಾ ಬಂದೆ. "ಇದಲ್ಲ. ಇನ್ನೂ ಸ್ವಲ್ಪ ಭಾರ ಇತ್ತು ಅವ್ನಿಗೆ" ಎನ್ನುತ್ತಿದ್ದಳು. ಕೊನೆಗೊಂದು ದಿನ ಏನೂ ಹೇಳದೆ ಆಡುತ್ತಲೇ ಕೂತಳು. ಸರಿಯಾಯಿತು ಎಂದು ನನಗೆ ಗೊತ್ತಾಯಿತು.

ಉಳಿದದ್ದು ಕೊನೆಯ ಕೋಣೆ. ಊಹೆ ಮಾಡಿ ಏನಾದರೂ ಬರೆಯಲೇ ಎಂದು ಕೇಳಿದೆ. "ಬೇಡ. ನಮ್ಗೆ ಗೊತ್ತಿಲ್ಲ ಅಲ್ವಾ, ಗೊತ್ತಿಲ್ಲದ ಹಾಗೇ ಇರ್ಲಿ" ಎಂದಳು. ಹಾಗಾಗಿ ಕೊನೆಯ ಏಣಿ ಹತ್ತಿದರೆ ಮತ್ತೆ ಮೊದಲ ಕೋಣೆಗೇ ಬರುವಂತೆ ಬರೆದೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಳೆಯ ಆಟದಲ್ಲಿ ಯಾರೂ ಕೀ ಮುಟ್ಟದೆ ಬಿಟ್ಟರೆ, ಹೇಗೆ ಆಡಬೇಕೆಂದು ತೋರಿಸಲು ಆಟ ತನ್ನಷ್ಟಕ್ಕೆ ಸ್ವಲ್ಪ ಹೊತ್ತು ನಡೆಯುತ್ತಿತ್ತು. ನಾನೂ ಹಾಗೇ ಮಾಡಿದ್ದೆ. ನಾನೇ ಆಡಿದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸಿಟ್ಟಿದ್ದೆ. ಅದರಲ್ಲಿ ನಮ್ಮ ಮನುಷ್ಯ ಎರಡನೆಯ ಕೋಣೆಯಲ್ಲೇ ಹಾವಿಗೆ ಸಿಕ್ಕಿ ಸಾಯುತ್ತಾನೆ, ಹಾಡು ನಿಲ್ಲುತ್ತದೆ, ಮತ್ತೆ ಮೊದಲಿನಿಂದ.

ಅವರು ಊರು ಬಿಡುವ ಮೊದಲಿನ ಭಾನುವಾರ ಕಂಪ್ಯೂಟರ್ ಹೊತ್ತುಕೊಂಡು ನರಸಿಂಹರಾಜಪುರಕ್ಕೆ ಹೋದೆ. ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್, "ಎಂತ ಮಾರಾಯ್ರೆ, ಟಿವಿ ರಿಪೇರಿಗಾ?" ಎಂದ. ಹೂಂ ಎಂದೆ.

ಮನೆಯಲ್ಲಿ ಮುಕ್ಕಾಲು ಸಾಮಾನು ಕಟ್ಟಿಯಾಗಿತ್ತು. ಬರಿದಾದ ಹಜಾರದಲ್ಲಿ ಮಾತಾಡಿದರೆ ಮಾತು ಮರಳಿ ಕೇಳುತ್ತಿತ್ತು. ಒಂದು ಪೆಟ್ಟಿಗೆಯ ಮೇಲೆ ಮಾನಿಟರ್ ಇಟ್ಟು, ಸ್ಟೂಲಿನ ಮೇಲೆ ಕೀಬೋರ್ಡ್ ಇಟ್ಟು ಆಟ ಶುರುಮಾಡಿದೆ. ಹಾಡು ಬರುತ್ತಿದ್ದಂತೆ ಅಮ್ಮಚ್ಚಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಳಲಿಲ್ಲ. ಬಂದು ನೆಲದ ಮೇಲೆ ಕೂತು, ಲಿಲ್ಲಿ ಆಡುವುದನ್ನು ನೋಡಿದರು. ಲಿಲ್ಲಿ ಬಸರೀಕಟ್ಟೆ ಜೀಪಿನವರೆಗೆ ಹೋಗಿ ಬಿದ್ದಳು. ನಾನು ಅಷ್ಟೂ ಹೋಗಲಿಲ್ಲ. ಆಮೇಲೆ ಅಮ್ಮಚ್ಚಿ ಊಟಕ್ಕೆ ಎಬ್ಬಿಸಿದರು.

ಮರಗೆಣಸು, ಮೀನು ಸಾರು. ಜೋಸಿ ಇದ್ದಾಗ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತಿನ್ನುತ್ತಿದ್ದ ಹಾಗೇ ಮೂವರೂ ಕೂತೆವು. ಹಜಾರದಿಂದ ಹಾಡು ಕೇಳುತ್ತಿತ್ತು. ಆಟ ತನ್ನಷ್ಟಕ್ಕೆ ನಡೆಯುತ್ತಿದೆ ಎಂದು ನಾನು ಗಮನವನ್ನೇ ಕೊಟ್ಟಿರಲಿಲ್ಲ. ಗಮನಿಸಿದವರು ಅಮ್ಮಚ್ಚಿ. ಸಾರು ಬಡಿಸುತ್ತಿದ್ದ ಕೈ ನಿಂತಿತು.

"ಮೋನೇ, ಹಾಡು ಆಗಿನಿಂದ ನಿಲ್ಲಲೇ ಇಲ್ವಲ್ಲ?"

ಅವರು ಹೇಳಿದ್ದು ಸರಿ. ಮನುಷ್ಯ ಸತ್ತು ಹಾಡು ನಿಲ್ಲಬೇಕಿತ್ತು. ಅದು ಕಡಿಯದೆ ಸಾಗುತ್ತಿತ್ತು. ಎಲ್ಲೋ ಪ್ರೋಗ್ರಾಮಿನಲ್ಲಿ ತಪ್ಪು ಉಳಿದಿದೆ ಎಂದುಕೊಂಡು ಎಂಜಲು ಕೈಯಲ್ಲೇ ಎದ್ದು ಬಂದೆ.

ಟೋಪಿಯವನು ಹಿನ್ನೀರಿನ ಕೋಣೆಯಲ್ಲಿದ್ದ. ನಾನು ದಾಖಲಿಸಿದ್ದರಲ್ಲಿ ಅವನು ಅಲ್ಲಿಗೆ ಬರುವುದೇ ಇಲ್ಲ. ನೀರಿನ ಅಂಚಿಗೆ ಬಂದು ನಿಂತ. ನಿಂತಲ್ಲೇ ಎರಡು ಸಲ ಕುಪ್ಪಳಿಸಿದ. ಆಮೇಲೆ ಹಾರಿದ.

ನನ್ನ ಹಿಂದೆ ಲಿಲ್ಲಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಮೊದಲು ಮಾಡಿದ ಕೆಲಸ ಕೀಬೋರ್ಡನ್ನು ಎತ್ತಿ ನೋಡಿದ್ದು. ಯಾವ ಕೀಯೂ ಒತ್ತಿಕೊಂಡಿರಲಿಲ್ಲ. ನನ್ನ ಕೈಯಲ್ಲಿ ಕೀಬೋರ್ಡ್ ಹಾಗೇ ಇರುವಾಗ ಅವನು ಹಾವನ್ನು ದಾಟಿ ಏಣಿ ಹತ್ತಿದ. ಜೀಪಿನ ಕೋಣೆ ಬಂತು. ಅಲ್ಲೂ ಅಲುಗಾಡುವ ಹಲಗೆಗೆ ಕಾಲಿಡುವ ಮೊದಲು ಎರಡು ಸಲ ಕುಪ್ಪಳಿಸಿದ. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ಹೆದರಿಕೆಯೋ ಏನೋ, ನಿಲ್ಲಿಸಿಬಿಡಬೇಕು ಅನ್ನಿಸಿತು. ಲಿಲ್ಲಿ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬೇಡ. ಅವ ಆಡ್ಲಿ."

ಅಷ್ಟರಲ್ಲಿ ಅಮ್ಮಚ್ಚಿಯೂ ಬಂದಿದ್ದರು. ಮೂವರೂ ನಿಂತೇ ನೋಡಿದೆವು. ನನಗೂ ಲಿಲ್ಲಿಗೂ ಎಂದೂ ದಾಟಲು ಬಾರದ ಕೋಣೆಗಳನ್ನು ಅವನು ಆತುರವಿಲ್ಲದೆ ದಾಟಿದ. ಎಲ್ಲೂ ಬೀಳಲಿಲ್ಲ. ಕೊನೆಯ ಏಣಿ ಹತ್ತಿದ. ನಾನು ಬರೆದ ಪ್ರಕಾರ ಈಗ ಮೊದಲ ಕೋಣೆ ಬರಬೇಕಿತ್ತು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಬಂದದ್ದು ನಾನು ಬರೆಯದ ಕೋಣೆ.

ಅಲ್ಲಿ ಹಾವಿರಲಿಲ್ಲ, ಹಲಗೆಗಳಿರಲಿಲ್ಲ. ಬರೀ ನೆಲ. ನೆಲದ ಮೇಲೆ ಹಳದಿ ಏಣಿಗಳನ್ನು ಸಾಲಾಗಿ ಮಲಗಿಸಿಟ್ಟಿತ್ತು, ಇನ್ನು ಯಾರೂ ಹತ್ತಬೇಕಾಗಿಲ್ಲ ಎನ್ನುವ ಹಾಗೆ. ಟೋಪಿಯವನು ನಿಧಾನವಾಗಿ ನಡುವಿನವರೆಗೆ ನಡೆದುಬಂದ. ಟೋಪಿ ತೆಗೆದ. ಒಂದು ಏಣಿಯ ಮೇಲೆ ಕೂತ. ಹಾಡು ಪೂರ್ತಿ ಮುಗಿದು ನಿಂತಿತು. ಆ ಹಾಡಿಗೆ ಒಂದು ಮುಕ್ತಾಯವಿದೆ ಎಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದರು. ಅಮ್ಮಚ್ಚಿ ಪರದೆಯ ಹತ್ತಿರ ಹೋಗಿ ಕೂತು, ಮಲಗಿದ ಮಗು ಏಳಬಾರದೆನ್ನುವಂಥ ದನಿಯಲ್ಲಿ, "ಎಷ್ಟು ಹತ್ತಿದಾನೆ ಪಾಪ. ಕೂತ್ಕೊಳ್ಲಿ" ಎಂದರು. ಆಗ ಕರೆಂಟ್ ಹೋಯಿತು. ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗುವುದರಲ್ಲಿ ವಿಶೇಷವೇನೂ ಇಲ್ಲ. ಸಂಜೆಗೆ ಬಂತು. ಮತ್ತೆ ಹಾಕಿ ನೋಡಿದರೆ ನಾನು ದಾಖಲಿಸಿದ್ದ ಆಟವೇ: ಎರಡನೆಯ ಕೋಣೆ, ಹಾವು, ಮೊದಲಿನಿಂದ.

ಕೊಪ್ಪಕ್ಕೆ ಮರಳಿ ನಾನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಓದಿದೆ. ಲಿಲ್ಲಿ ಆಡಿದ್ದು ಹೇಗೋ ದಾಖಲಾಗಿತ್ತೇ ಎಂದು ನೋಡಿದೆ. ಆಗಿರಲಿಲ್ಲ, ಆಗಿದ್ದರೂ ಅವಳು ಜೀಪಿನಲ್ಲೇ ಬಿದ್ದಿದ್ದಳು. ಯಂತ್ರ ತಪ್ಪು ಜಾಗದಿಂದ ಏನನ್ನೋ ಓದಿ ಪರದೆಗೆ ತಂದಿರಬಹುದು. ಹಾಗಾಗುವುದುಂಟು. ಆದರೆ ಹಾಗೆ ಬರುವುದು ಅರ್ಥವಿಲ್ಲದ ಚುಕ್ಕೆಗಳು, ಮಲಗಿಸಿಟ್ಟ ಏಣಿಗಳಲ್ಲ. ಟೋಪಿ ಇಲ್ಲದ ತಲೆಯ ಚಿತ್ರವನ್ನಂತೂ ನಾನು ಬರೆದೇ ಇರಲಿಲ್ಲ. ಮೂವರಿಗೂ ಒಂದೇ ಭ್ರಮೆಯಾಯಿತೇ? ನಾವು ಬೇರೆ ಬೇರೆಯಾಗಿ ಹೇಳಿ ನೋಡಿದ್ದೇವೆ. ಏಣಿಗಳ ಬಣ್ಣದವರೆಗೂ ಒಂದೇ ಹೇಳುತ್ತೇವೆ. ಕೆಲವು ವರ್ಷಗಳ ಮೇಲೆ ಹಳೆಯ ಆಟಗಳ ಹುಚ್ಚಿನವರು ಸೇರುವ ಒಂದು ಇಂಟರ್‌ನೆಟ್ ತಾಣದಲ್ಲಿ ಆಟದ ವಿವರ ಬರೆದು ಕೇಳಿದೆ. ದೂರ ದೇಶದ ಒಬ್ಬ, ಇಂಥದ್ದೊಂದನ್ನು ಆಡಿದ ನೆನಪಿದೆ, ಅದರ ಕೊನೆಯಲ್ಲಿ ಒಂದು ಚಿನ್ನದ ಕಿರೀಟವಿತ್ತು ಎಂದ. ಅದೇ ಆಟವೋ ಬೇರೆಯದೋ ತೀರ್ಮಾನವಾಗಲಿಲ್ಲ.

ಲಿಲ್ಲಿ, ಅಮ್ಮಚ್ಚಿ ಆ ವಾರವೇ ಹೊರಟುಹೋದರು. ಆಟದ ಸಿಡಿಯನ್ನು ಲಿಲ್ಲಿಗೆ ಕೊಟ್ಟೆ. ಒಂದು ಪ್ರತಿ ನನ್ನಲ್ಲೂ ಇದೆ. ಇಬ್ಬರೂ ಎಷ್ಟೋ ಸಲ ಕೀ ಮುಟ್ಟದೆ ಕಾದು ಕೂತಿದ್ದೇವೆ, ಮತ್ತೆಂದೂ ಅದು ನಡೆಯಲಿಲ್ಲ. ಆ ಒಂದು ಮಧ್ಯಾಹ್ನ ಇನ್ನೊಮ್ಮೆ ಸಿಕ್ಕಿದ್ದರೆ ಎಂದು ಬಯಸುವುದನ್ನು ನಾನಂತೂ ಬಿಟ್ಟಿಲ್ಲ.

ಹಬ್ಬದ ದಿನ ಲಿಲ್ಲಿ ಫೋನ್ ಮಾಡಿ ಅಮ್ಮಚ್ಚಿಗೆ ಕೊಡುತ್ತಾಳೆ. ಅವರಿಗೀಗ ವಯಸ್ಸಾಗಿದೆ, ಕನ್ನಡ ಮರೆಯುತ್ತಿದೆ. ನನ್ನ ಹೆಂಡತಿ ಮಕ್ಕಳನ್ನು ವಿಚಾರಿಸಿ, ದನಿ ತಗ್ಗಿಸಿ ಕೇಳುತ್ತಾರೆ: "ಮೋನೇ, ಅವ ಈಗ್ಲೂ ಕೂತಿದಾನಾ?"

"ಹೌದು ಅಮ್ಮಚ್ಚಿ, ಕೂತಿದಾನೆ" ಎನ್ನುತ್ತೇನೆ. ಹಾಗೆ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಯಾಕೆ ಅನ್ನಿಸುವುದಿಲ್ಲ ಎಂಬುದೂ ನನಗೆ ತಿಳಿಯದು.