ಬೆಲೆ ಹೇಳುವ ಮೊದಲು ಭಂಡಾರ

ನನ್ನ ವೆಬ್‌ಸೈಟಿನಲ್ಲಿ ಈಗ ಹೊಲದ ಬೆಲೆ ಎಲ್ಲರಿಗೂ ಕಾಣುತ್ತದೆ. ಊರಿನ ಹೆಸರು ಒತ್ತಿದರೆ ಸಾಕು, ಆ ಕಡೆ ಎಕರೆ ಎಷ್ಟಕ್ಕೆ ಹೋಗುತ್ತಿದೆ ಎಂದು ಬರುತ್ತದೆ. ನೋಡುವವರ ಹೆಸರು ಕೇಳುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ. ಅದನ್ನು ಮಾಡಿಕೊಟ್ಟ ಗದ್ವಾಲದ ಕಂಪ್ಯೂಟರ್ ಸೆಂಟರಿನವರಿಗೆ ಇದು ಸುತರಾಂ ಇಷ್ಟವಿಲ್ಲ. "ಅಕ್ಕಾರ, ಬೆಲಿ ಬಿಟ್ಟುಕೊಟ್ರ ಜನ ನಂಬರ್ ಯಾಕ ಕೊಡ್ತಾರ್ರೀ? ಲೀಡ್ ಬರೋದೇ ಬಂದ್ ಆಗ್ತೈತಿ" ಎಂದು ಫೋನ್ ಮಾಡಿದಾಗಲೆಲ್ಲ ಗೊಣಗುತ್ತಾರೆ. ವ್ಯಾಪಾರದ ಮಾತಾಗಿ ಅದು ಸರಿಯೇ. ನಾನೇನು ಧರ್ಮಕ್ಕೆ ಅಂಗಡಿ ತೆರೆದವಳಲ್ಲ, ನನಗೂ ವ್ಯಾಪಾರ ಬೇಕು. ಆದರೂ ಹಾಗೇ ಇರಲಿ ಎಂದಿದ್ದೇನೆ. ಕಾರಣ ಮಾತ್ರ ಅವರಿಗೆ ಹೇಳಿಲ್ಲ.

ಜಮೀನಿನ ದಲ್ಲಾಳಿಯಾಗುವ ಮೊದಲು ನಾನು ನಾರಾಯಣಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೆಂಗಸರು ಸೆರಗನ್ನು ಬೆರಳಲ್ಲಿ ಹಿಡಿಯುವ ರೀತಿಯಲ್ಲೇ ಇವಳು ಕೊಳ್ಳುವವಳೋ, ಮಧ್ಯಾಹ್ನ ಕಳೆಯಲು ಬಂದವಳೋ ಗೊತ್ತಾಗುತ್ತಿತ್ತು. ಕೊಳ್ಳುವವಳು ಅಂಚು ತಿರುಗಿಸಿ ಒಳಗಿನ ನೂಲು ನೋಡುತ್ತಾಳೆ. ಉಳಿದವರು ಬಣ್ಣ ಹೊಗಳುತ್ತಾರೆ. ಬಣ್ಣ ಹೊಗಳಿದವರಿಗೆ ನಾನು ಎರಡನೇ ಸೀರೆ ಬಿಚ್ಚಿದ್ದೇ ಇಲ್ಲ. ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ.

ಊರು ಜಿಲ್ಲಾ ಕೇಂದ್ರವಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು ಪ್ಲಾಟು ಮಾಡುವುದು ಶುರುವಾಯಿತು. ಸೀರೆ ಮಾರಿದ ಬಾಯಿ ಹೊಲವನ್ನೂ ಮಾರೀತು ಎಂದು ನಾನು ಧೈರ್ಯ ಮಾಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದೆ. ಗದ್ವಾಲದವರು ವೆಬ್‌ಸೈಟ್ ಮಾಡಿಕೊಟ್ಟರು, ತೆಲುಗಿನಲ್ಲೂ ಕನ್ನಡದಲ್ಲೂ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದು ಒಂದೇ ಮಾತು: ನಿಮ್ಮ ಹೊಲದ ಬೆಲೆ ತಿಳಿಯಿರಿ. ಕೆಳಗೆ ಒಂದು ಫಾರಂ. ಹೆಸರು, ಊರು, ನಂಬರ್, ಯಾಕೆ ಮಾರುತ್ತೀರಿ. ಅದನ್ನು ತುಂಬಿದವರಿಗೂ ಬೆಲೆ ಸಿಗುತ್ತಿರಲಿಲ್ಲ. "ನಮ್ಮವರು ಕರೆ ಮಾಡುತ್ತಾರೆ" ಎಂದು ಬರುತ್ತಿತ್ತು. ನಮ್ಮವರು ಎಂದರೆ ನಾನೊಬ್ಬಳೇ.

ಹಾಗೆ ಫಾರಂ ತುಂಬಿದವರಿಗೆ ಲೀಡ್ ಎಂದು ಹೆಸರು. ಲೀಡುಗಳು ಬಂದವು, ಬಂದದ್ದೆಲ್ಲ ಕಸ. ಒಬ್ಬರು ರಾಯಚೂರಿನಿಂದ ಬಾಡಿಗೆ ಕೋಣೆ ಕೇಳಿದರು. ಉಂಡವಳ್ಳಿಯ ಕಡೆಯವರೊಬ್ಬರು ಪಕ್ಕದ ಮನೆಯವರ ಹೊಲದ ಬೆಲೆ ಕೇಳಿದರು, ತಮ್ಮದನ್ನಲ್ಲ. ಗುಂಡುಮಾಲಿಗೆ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಹೋದರೆ, ಮನೆಯವರು ಮಜ್ಜಿಗೆ ಕೊಟ್ಟು, "ಮಾರಾಕ ಅಲ್ರೀ, ಸುಮ್ನ ಫೋನಿನ್ಯಾಗ ಒತ್ತಿ ನೋಡಿದ್ವಿ" ಎಂದು ನಕ್ಕರು. ನಾನು ಮಜ್ಜಿಗೆ ಕುಡಿಯದೆ ಎದ್ದು ಬಂದೆ. ಗದ್ವಾಲದವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಕ್ವಾಲಿಟಿ ಲೀಡ್ ಬೇಕಾದರೆ ಫಾರಂನಲ್ಲಿ ಇನ್ನೂ ನಾಲ್ಕು ಪ್ರಶ್ನೆ ಸೇರಿಸೋಣ ಎಂದರು. ಸೇರಿಸಿದ ಮೇಲೆ ಜನ ನಾಲ್ಕು ಸುಳ್ಳು ಹೆಚ್ಚಿಗೆ ಹೇಳಿದರು.

ಆಗ ನನಗೆ ನನ್ನದೇ ಒಂದು ಉಪಾಯ ಹೊಳೆಯಿತು. ನಾವು ಕುರಿ ಕಾಯುವ ಮನೆತನದವರು, ಬೀರಪ್ಪನ ಒಕ್ಕಲು. ನಮ್ಮವರ ಮನೆಯಲ್ಲಿ ದೇವರ ಅರಿಶಿನದ ಪುಡಿ ಸಣ್ಣ ಚೀಲದಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಭಂಡಾರ ಎನ್ನುತ್ತೇವೆ. ಭಂಡಾರ ಮುಟ್ಟಿ ಆಡಿದ ಮಾತಿಗೆ ತಪ್ಪುವವರು ನಮ್ಮಲ್ಲಿ ಇಲ್ಲ. ಸ್ಟಾಂಪ್ ಪೇಪರಿನ ಮೇಲೆ ಸುಳ್ಳು ಬರೆಯುವವರೂ ಭಂಡಾರದ ಮುಂದೆ ಬಾಯಿ ಮುಚ್ಚುತ್ತಾರೆ. ಈ ಭಾಗದಲ್ಲಿ ಹೊಲ ಮಾರುವವರಲ್ಲಿ ನಮ್ಮವರೇ ಬಹಳ. ನಾನು ಚೀಲವನ್ನು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗತೊಡಗಿದೆ. ಚಹಾ ಆದ ಮೇಲೆ ಅದನ್ನು ತೆಗೆದು ಚಾಪೆಯ ಮೇಲೆ ಇಡುತ್ತಿದ್ದೆ. "ಸರಿಯಾದ ಬೆಲಿ ಬಂದ್ರ ಕೊಡ್ತೀನಿ ಅಂತ ಭಂಡಾರ ಮುಟ್ರಿ. ಆಮ್ಯಾಲ ಬೆಲಿ ಹೇಳ್ತೀನಿ" ಎನ್ನುತ್ತಿದ್ದೆ. ಸುಮ್ಮನೆ ಕೇಳುವವರು ಕೂಡಲೇ ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಮುಟ್ಟಿದವರು ಖರೇ ಮಾರುವವರು. ನನ್ನ ಓಡಾಟ ಅರ್ಧ ಕಡಿಮೆಯಾಯಿತು. ಇದನ್ನು ಗದ್ವಾಲದವರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಇಂಥ ಸಾಫ್ಟ್‌ವೇರ್ ಹೈದರಾಬಾದಿನಲ್ಲೂ ಇಲ್ಲ ಎಂದರು. ನಾನು ಉಬ್ಬಿಹೋದೆ. ಆ ಉಬ್ಬು ನೆನೆದರೆ ಈಗ ಮೈ ಉರಿಯುತ್ತದೆ.

ಮಕ್ತಲ್ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸಿನ ಫಾರಂ ಬಂತು. ಎರಡು ಎಕರೆ, ಪಟ್ಟಾ ಅವಳದೇ ಹೆಸರಿನಲ್ಲಿ. ಯಾಕೆ ಮಾರುತ್ತೀರಿ ಎಂಬಲ್ಲಿ "ಬೆಲಿ ತಿಳ್ಕೊಳ್ಳಾಕ" ಎಂದು ಬರೆದಿದ್ದಳು. ಬೇರೆಯದಾಗಿದ್ದರೆ ಕಸ ಎಂದು ಬಿಡುತ್ತಿದ್ದೆ. ಆದರೆ ಆ ಹೊಲ ರಸ್ತೆ ಅಗಲ ಮಾಡುತ್ತಿದ್ದ ಕಡೆಗೇ ಇತ್ತು, ಅಂಥ ಜಾಗಕ್ಕಾಗಿ ಹೈದರಾಬಾದಿನ ಒಬ್ಬರು ನನ್ನನ್ನು ವಾರಕ್ಕೆರಡು ಸಲ ಕೇಳುತ್ತಿದ್ದರು. ನಾನು ಮರುದಿನವೇ ಬಸ್ಸು ಹತ್ತಿದೆ.

ಅವಳಿಗೆ ಮೂವತ್ತರ ಆಸುಪಾಸು, ನಮ್ಮ ಪೈಕಿಯವಳೇ. ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹೊಲ ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಈ ಕಡೆ ಹಾಗೆ ಹೆಣ್ಣುಮಗಳ ಹೆಸರಿಗೆ ಭೂಮಿ ಬರೆಯುವ ಪದ್ಧತಿ ಉಂಟು. ಅಪ್ಪ ತೀರಿದ ಮೇಲೆ ಅಣ್ಣ ಅದನ್ನು ಉಳುತ್ತಿದ್ದ. ಪ್ರತಿ ವರ್ಷ ಒಂದು ಚೀಲ ತೊಗರಿ, ಕುಪ್ಪಸ ಹೊಲಿಸಲು ಒಂದು ಕಣ ತಂದು ಇಟ್ಟು, ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದ.

"ನಮ್ಮ ಅತ್ತಿಗಿ ಬಾಯಿ ಜೋರದರೀ" ಎಂದು ಅವಳು ನಕ್ಕಳು. "ಆದ್ರ ಆ ಹೊಲ ಇರೋತನಕ ತವರಿಗೆ ಹೋಗಾಕ ನಾ ಯಾರನ್ನೂ ಕೇಳಬೇಕಿಲ್ಲ. ನನ್ನ ಹೊಲಕ್ಕ ನಾ ಬಂದೀನಿ ಅಂತೀನಿ."

"ಮತ್ತ ಫಾರಂ ಯಾಕ ತುಂಬಿದಿ?" ಎಂದೆ. ಗುಂಡುಮಾಲಿನ ಮಜ್ಜಿಗೆ ನೆನಪಾಗಿ ಸಿಟ್ಟು ಮೂಗಿನ ತುದಿಗೆ ಬಂದಿತ್ತು.

"ನಮ್ಮನಿಯವರು ದಿನಾ ಫೋನಿನ್ಯಾಗ ಮಾರು ಮಾರು ಅಂತಾರ. ಪುಣೆದಾಗ ಒಂದು ಖೋಲಿ ತೊಗೊಳ್ಳೋಣು ಅಂತಾರ. ನಾ ಬ್ಯಾಡ ಅಂತೀನಿ. ಬೆಲಿನೇ ಗೊತ್ತಿಲ್ದ ಬ್ಯಾಡ ಅಂದ್ರ ಅದಕ್ಕ ತೂಕ ಇರಂಗಿಲ್ರೀ. ಇಷ್ಟು ಬಂದ್ರೂ ಬ್ಯಾಡ ಅಂತ ಹೇಳಬೇಕು ನಾನು. ಅದಕ್ಕ ಕೇಳೀನಿ."

ಅಲ್ಲಿಗೆ ಎಲ್ಲ ಸ್ಪಷ್ಟವಿತ್ತು. ಅವಳು ಮಾರುವವಳಲ್ಲ. ಬೆಲೆ ಹೇಳಿ, ಚಹಾ ಕುಡಿದು ಬಂದಿದ್ದರೆ ಆಗುತ್ತಿತ್ತು. ಹೈದರಾಬಾದಿನವರು ಏನು ಕೊಡಬಲ್ಲರು ಎಂಬುದು ನನ್ನ ನಾಲಿಗೆಯ ಮೇಲೇ ಇತ್ತು. ನಾನು ಅದನ್ನು ಹೇಳದೆ ಭಂಡಾರದ ಚೀಲ ತೆಗೆದು ಅವಳ ಮುಂದಿಟ್ಟೆ.

ಅವಳು ಕೈ ಹಿಂದೆ ಎಳೆದುಕೊಂಡಳು. ಆಮೇಲೆ ಅವಳ ಮುಖದಲ್ಲಿ ಒಂದು ತುಂಟತನ ಬಂತು. ದಲ್ಲಾಳಿಯನ್ನು ಸೋಲಿಸುವ ದಾರಿ ಹೊಳೆದಿತ್ತು ಅವಳಿಗೆ. ತನ್ನ ಊರಿನಲ್ಲಿ ಯಾರೂ ಯಾವತ್ತೂ ಕೇಳಿರದಷ್ಟು ದೊಡ್ಡ ಮೊತ್ತವೊಂದನ್ನು ಹೇಳಿ, "ಅಷ್ಟು ಬಂದ್ರ ಕೊಡ್ತೀನಿ, ನೋಡ್ರಿ" ಎಂದು ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡಳು. "ಈಗ ಹೇಳ್ರಿ ನಿಮ್ಮ ಬೆಲಿ."

ನಾನು ಹೇಳಿದೆ. ಅದು ಅವಳು ಹೇಳಿದ್ದಕ್ಕಿಂತ ಹೆಚ್ಚಿತ್ತು.

"ಅಷ್ಟು ಐತ್ರೀ?" ಎಂದಳು. ಎದ್ದು ಒಳಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲಿಲ್ಲ. ನಾನು ಒಳ್ಳೆಯ ಲೀಡ್ ಸಿಕ್ಕಿತೆಂದು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಾಡು ಗುನುಗುತ್ತಾ ಬಂದೆ. ಅದನ್ನೂ ಇಲ್ಲಿ ಬರೆಯಬೇಕು.

ನಾಲ್ಕನೇ ದಿನ ಅವಳು ನಾರಾಯಣಪೇಟೆಗೆ ನನ್ನ ಕೋಣೆಗೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. "ಅಕ್ಕಾರ, ನನ್ನ ಮಾತು ಬಿಡ್ರಿ" ಎಂದಳು.

ಇದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಭಂಡಾರ ಮುಟ್ಟಿದವರು ತಾವಾಗಿ ಮಾತು ಹಿಂದೆ ತೆಗೆದುಕೊಳ್ಳಲಾರರು. ಆದರೆ ಮಾತು ತೆಗೆದುಕೊಂಡವರು ಬಿಡಬಹುದು. ಅದೇ ಭಂಡಾರವನ್ನು ತಮ್ಮ ಹಣೆಗೆ ಹಚ್ಚಿಕೊಂಡು "ಮಾತು ಬಿಟ್ಟೆ" ಎಂದರೆ ಮುಗಿಯಿತು. ನಮ್ಮವ್ವ ಒಮ್ಮೆ ಹೀಗೆ ಮಾಡಿದ್ದನ್ನು ನಾನು ಕಂಡಿದ್ದೆ. ಟಗರು ಕೊಡುತ್ತೇನೆಂದು ಭಂಡಾರ ಮುಟ್ಟಿದ್ದ ನೆರೆಯವನ ಮನೆಯಲ್ಲಿ ಮಗುವಿಗೆ ಕಾಯಿಲೆಯಾದಾಗ, ಅವನು ಕೇಳುವ ಮೊದಲೇ ಅವ್ವ ಅವರ ಹೊಸ್ತಿಲಿಗೆ ಹೋಗಿ ಮಾತು ಬಿಟ್ಟು ಬಂದಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವಳು ನಾನು.

"ಹ್ಯಾಂಗ ಬಿಡ್ಲಿ? ಪಾರ್ಟಿಗೆ ನಾ ಮಾತು ಕೊಟ್ಟಾಗೇದ" ಎಂದೆ.

ಸುಳ್ಳು. ಆವತ್ತಿನವರೆಗೆ ಆ ಹೈದರಾಬಾದಿನವರು ಹೊಲವನ್ನೇ ನೋಡಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಇನ್ನೊಮ್ಮೆ ಕೇಳುತ್ತಾಳೆ, ಅಳುತ್ತಾಳೆ, ಆಗ ನೋಡೋಣ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಅವಳು ಅಳಲಿಲ್ಲ. "ಆತ್ರೀ" ಎಂದು ಮಕ್ತಲ್ ಬಸ್ಸಿನ ಹೊತ್ತು ಕೇಳಿಕೊಂಡು ಹೋದಳು.

ಆ ಮೇಲೂ ನಾನು ಕೆಲಸ ನಿಲ್ಲಿಸಲಿಲ್ಲ. ಕೊಳ್ಳುವವರಿಗೆ ಹೊಲ ತೋರಿಸಿದೆ, ಕಾಗದ ಓಡಾಡಿಸಿದೆ. ಪುಣೆಯಿಂದ ಅವಳ ಗಂಡ ಫೋನ್ ಮಾಡಿ, "ನಿಮ್ಮಿಂದ ಒಂದು ಮನಿ ಆಗ್ತೈತ್ರೀ ನಮಗ" ಎಂದು ಸಂತೋಷದಿಂದ ಹೇಳಿದ. ಅವನದು ಕೆಟ್ಟ ಆಸೆಯೇನಲ್ಲ. ತಗಡಿನ ಶೆಡ್ಡಿನಲ್ಲಿ ಬದುಕುವವನಿಗೆ ಸ್ವಂತದ್ದೊಂದು ಕೋಣೆ ಬೇಕೆನಿಸುವುದು ತಪ್ಪಲ್ಲ. ಅವನ ಸಂತೋಷವನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಾನು ಆ ದಿನಗಳನ್ನು ದೂಡಿದೆ.

ರಿಜಿಸ್ಟ್ರಿಯ ದಿನ ಮಕ್ತಲಿನ ಕಚೇರಿಯ ಮುಂದೆ ಅವಳು ನನಗಿಂತ ಮೊದಲೇ ಬಂದು ನಿಂತಿದ್ದಳು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಅವಳ ಅಣ್ಣ ಕೂತಿದ್ದ. ಅವನ ಪಕ್ಕದಲ್ಲಿ ಒಂದು ಚೀಲ ತೊಗರಿ, ಅದರ ಮೇಲೆ ಮಡಿಸಿಟ್ಟ ಕುಪ್ಪಸದ ಕಣ.

"ಈ ವರ್ಷದ್ದು. ಬೆಳಿ ನಿನ್ನ ಹೊಲದ್ದೇ, ನಿನಗ ಸೇರಬೇಕು" ಎಂದು ಅವನು ತಂಗಿಗೆ ಹೇಳಿದ. ಎಂದಿನಂತೆ ತವರಿಗೆ ನಡಿ ಎನ್ನಲಿಲ್ಲ. ಅವಳು ಆ ಮಾತಿಗಾಗಿ ಕಾದಳು.

ನನ್ನಿಂದ ತಡೆಯಲಾಗಲಿಲ್ಲ. ಅವಳ ರಟ್ಟೆ ಹಿಡಿದು ನಳದ ಹತ್ತಿರ ಕರೆದುಕೊಂಡು ಹೋದೆ. ಬ್ಯಾಗಿನಿಂದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿಕೊಂಡು, "ಮಾತು ಬಿಟ್ಟೆ ತಾಯಿ. ಮನಿಗಿ ಹೋಗು. ಹೈದರಾಬಾದಿನವರನ್ನ ನಾ ನೋಡ್ಕೊಳ್ತೀನಿ" ಎಂದೆ. ದೊಡ್ಡದೇನನ್ನೋ ಕೊಡುತ್ತಿದ್ದೇನೆ ಎಂಬ ಭಾವನೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ನನ್ನ ಹಣೆಯನ್ನು ನೋಡಿದಳು. "ಅವತ್ತು ಕೇಳಿದಾಗ ಬಿಟ್ಟಿದ್ರ ಬಿಟ್ಟಂಗ ಆಗ್ತಿತ್ರೀ" ಎಂದಳು. "ನೀವು ಬಿಡಲಿಲ್ಲ. ನಾ ಸೀದಾ ಬೀರಪ್ಪನ ಗುಡಿಗೆ ಹೋದೆ. ನಗಚಾಟಿಗೆ ನಿನ್ನ ಭಂಡಾರ ಮುಟ್ಟೀನಿ, ತಪ್ಪಾತು, ಆದ್ರ ಮಾತು ನಡಸ್ತೀನಿ ಅಂತ ಹೇಳಿ ಬಂದೀನಿ. ಈಗ ಅದು ನಿಮ್ಮ ಕೈಯಾಗ ಇಲ್ಲ."

"ದೇವರು ತಿಳ್ಕೊಳ್ತಾನ" ಎಂದೆ.

"ನಿಮಗ ಅವ ಹಂಗ ಕಾಣ್ತಾನ" ಎಂದು ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ನಾನು ಹಿಂದೆ ಹಿಂದೆಯೇ ಹೋದೆ.

ಗುಮಾಸ್ತ ತೆಲುಗಿನವನು. ರಾಜಿಖುಷಿಯಿಂದ ಮಾರುತ್ತಿದ್ದೀಯಾ ಎಂದು ಕೇಳಿದ. ಅವಳು "ಅವುನು", ಹೌದು ಎಂದು ತೆಲುಗಿನಲ್ಲೇ ಉತ್ತರ ಕೊಟ್ಟಳು. ಬೆರಳು ಒತ್ತಿದಳು, ಫೋಟೋಕ್ಕೆ ನೇರವಾಗಿ ಕೂತಳು. ಕೊಳ್ಳುವವರ ಕಡೆಯ ಸಾಕ್ಷಿ ಸಹಿ ಮಾಡಿದ್ದಾಯಿತು. ಅವಳ ಕಡೆಯ ಸಾಕ್ಷಿ ಯಾರು ಎಂದಾಗ ಅವಳು ಬಾಗಿಲ ತನಕ ಹೋಗಿ ಅಣ್ಣನನ್ನು ಕರೆದಳು. ಅವನು ಕೂತಲ್ಲಿಂದಲೇ ಅಡ್ಡಡ್ಡ ತಲೆಯಾಡಿಸಿ, ಆಗದು ಎಂದ. ಅವಳು ತಿರುಗಿ ಬಂದು ನನ್ನನ್ನು ತೋರಿಸಿದಳು.

ಗುಮಾಸ್ತ ಕಾಗದದಲ್ಲಿ ನನ್ನ ಹೆಸರು, ಊರು ಬರೆದುಕೊಂಡ. ನಂತರ ಪೆನ್ನು ಎತ್ತಿ ಅವಳನ್ನೇ ಕೇಳಿದ, "ಈಮೆ ನೀಕು ಏಮವುತುಂದಿ?" ಈಕೆ ನಿನಗೆ ಏನಾಗಬೇಕು ಎಂದು.

ನಾನು ಬಾಯಿ ತೆರೆಯುವ ಮೊದಲೇ ಅವಳು ಕನ್ನಡದಲ್ಲಿ ಹೇಳಿದಳು: "ನನ್ನ ಮಾತು ತೊಗೊಂಡವರು."

ಅವನಿಗೆ ಅರ್ಥವಾಗಲಿಲ್ಲ. ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿ, "ಪರಿಚಯಸ್ತರು" ಎಂದು ಬರೆದುಕೊಂಡ. ಅದರ ಕೆಳಗೆ ನಾನು ಸಹಿ ಮಾಡಿದೆ.