ಫಲಾವಳಿಗೆ ಬಂದ ಎರಡು ಚಕ್ಕೋತ

೧೯೪೯ ಸೆಪ್ಟೆಂಬರ್ ೪, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಪತ್ರಿಕೆಗೆ ಬರೆಯಲು ಕುಳಿತೆ.

ಹಿತ್ತಲಿನಾಚೆ ಯಾರೋ ಚಕ್ಕೋತ ಸುಲಿಯುತ್ತಿದ್ದಾರೆ. ಸಿಪ್ಪೆಯ ಕಹಿ ವಾಸನೆ ಕಿಟಕಿಯಿಂದ ಬಂದದ್ದೇ ಸಾಬರ ತಾತ ನೆನಪಾದರು...

ದೇವನಹಳ್ಳಿಯ ನಮ್ಮ ಮನೆಯ ಹಿಂದಿನ ತೋಟ ಆಗ ಅವರದು. ಗಣೇಶನ ಮೇಲೆ ಹಣ್ಣು, ತರಕಾರಿ ತೂಗಿಬಿಡುವ ಫಲಾವಳಿಗೆ ಪ್ರತಿ ಹಬ್ಬದಲ್ಲೂ ಅವರ ಮರದ ಚಕ್ಕೋತವೇ ಆಗಬೇಕು. ತೊಟ್ಟಿನಲ್ಲಿ ಎರಡು ಎಲೆ ಬಿಟ್ಟು, ಬಾಳೆನಾರಿನ ಕುಣಿಕೆ ಹಾಕಿಯೇ ತರುತ್ತಿದ್ದರು. ಅಮ್ಮ ಅದನ್ನು ಮೊರದಲ್ಲಿ ತೆಗೆದುಕೊಂಡು, ಸಂಜೆ ಅವರ ಮನೆಗೆ ಕಡುಬು ಕಳಿಸುತ್ತಿದ್ದಳು.

ಅಪ್ಪ ಇತಿಹಾಸದ ಮೇಷ್ಟ್ರು. ಸತ್ತು ನೂರಾರು ವರ್ಷವಾದ ದೊರೆಗಳನ್ನು ತಾಳ್ಮೆಯಿಂದ ತೂಗಿನೋಡಬೇಕೆಂದು ಊಟದ ಹೊತ್ತಿನಲ್ಲೂ ಪಾಠ ಹೇಳುತ್ತಿದ್ದರು. ನಲವತ್ತೇಳರಲ್ಲಿ ಉತ್ತರದ ಗಲಭೆಗಳ ಸುದ್ದಿ ಓದಿ ಓದಿ, ಪಕ್ಕದಲ್ಲೇ ಬದುಕಿದ್ದವರ ಪಾಲಿಗೆ ಆ ತಾಳ್ಮೆ ಉಳಿಯಲಿಲ್ಲ.

“ಈ ಸಲ ಹಣ್ಣು ಸಂತೆಯಿಂದ ತರ್ತೀನಿ. ಅವರದು ಬೇಡ,” ಎಂದರು.

“ಎಲ್ಲೋ ಆಗಿದ್ದಕ್ಕೆ ಆ ಮರ ಏನ್ರೀ ಮಾಡ್ತು?” ಎಂದಳು ಅಮ್ಮ.

ಅಪ್ಪ ಚೀಲ ಹಿಡಿದು ಹೊರಟೇಬಿಟ್ಟರು.

ಹಬ್ಬದ ಬೆಳಿಗ್ಗೆ ತಾತ ಬಂದಾಗ ಸಂತೆಯ ಚಕ್ಕೋತ ಆಗಲೇ ತೂಗುತ್ತಿತ್ತು. ಎರಡು ಎಲೆ, ಬಾಳೆನಾರಿನ ಅದೇ ಕುಣಿಕೆ. ಮಿಕ್ಕ ಹಣ್ಣನ್ನು ಅವರು ಸಂತೆಯ ವ್ಯಾಪಾರಿಗೇ ಹಾಕುತ್ತಾರೆಂಬುದು ಅಪ್ಪನಿಗೆ ಹೊಳೆದಿರಲಿಲ್ಲ.

ನನ್ನ ಪುಟ್ಟ ತಂಗಿ ತಲೆಯೆತ್ತಿ ನೋಡಿ, “ತಾತ, ಅದೂ ನಿಮ್ ಮರದ್ದೇ,” ಎಂದಳು.

ತಾತ ಅಪ್ಪನ ಮುಖ ನೋಡಿದರು. “ಇಲ್ಲ ಕಣವ್ವ, ಸಂತೇದು. ನಿಮ್ಮಪ್ಪ ಆರಿಸಿ ತಂದವ್ರೆ. ಚೆನ್ನಾಗೈತೆ.”

ಅಮ್ಮ ಮೊರ ತರಲು ಎದ್ದಳು. ಅಪ್ಪ ಕೆಮ್ಮಿದರು. ಅಮ್ಮ ಕುಳಿತಳು.

ತಾತ ತಾವು ತಂದ ಹಣ್ಣನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. “ನಿಮ್ ಪೂಜೆಗೆ ಹೊತ್ತಾಯ್ತು. ಬರ್ತೀನಿ ಮೇಷ್ಟ್ರೇ.”

ಬಾಗಿಲ ಪಕ್ಕದಲ್ಲಿ ನಿಂತಿದ್ದವನು ನಾನು. ಹದಿನಾರು ವರ್ಷ, ಕೈ ಚಾಚಿದ್ದರೆ ಸಾಕಿತ್ತು... ಆ ದಿನದ ದಿನಚರಿಯಲ್ಲಿ ಬರೆದದ್ದು ಇಷ್ಟೇ: ‘ಹಬ್ಬ ಚೆನ್ನಾಗಿ ಆಯಿತು. ನಾನು ತಿಂದ ಕಡುಬು, ಹನ್ನೊಂದು.’

ಮುಂದಿನ ಬೇಸಗೆಯಲ್ಲಿ ಅವರು ತೋಟ ಮಾರಿ ಹೊರಟುಹೋದರು. ಹೊಸಕೋಟೆಯ ಮಗಳ ಮನೆಗೆ ಎನ್ನುತ್ತಾರೆ ಕೆಲವರು, ಹೈದರಾಬಾದಿಗೆ ಎನ್ನುತ್ತಾರೆ ಇನ್ನು ಕೆಲವರು. ನಮಗೆ ಹೇಳಿ ಹೋಗಲಿಲ್ಲ. ಯಾಕೆ ಹೇಳಬೇಕಿತ್ತು? ಅಪ್ಪ ಈಗಲೂ ದೊರೆಗಳ ಪಾಠ ಮಾಡುತ್ತಾರೆ. ತಾತನ ಮಾತು ಬಂದರೆ ಎದ್ದು ಜಗಲಿಗೆ ಹೋಗುತ್ತಾರೆ.

ತಾತ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಇದ್ದಾರೋ ಇಲ್ಲವೋ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಅಕ್ಷರ ಬಾರದ ಅಮ್ಮನಿಗೆ ಅದನ್ನು ಓದಿ ಹೇಳಬೇಕಾದವನು ನಾನು.