ಎದುರು ಮನೆಯ ಅಮ್ಮುವಿನ ರೆಕಾರ್ಡು

ಹುರಿದ ಕಾಫಿಬೀಜಕ್ಕೆ ಶುಂಠಿ ಬೆರೆತ ವಾಸನೆ ಎಲ್ಲೇ ಬರಲಿ, ನಾನು ಸೌದಿಯ ಜಿದ್ದಾ ನಗರದ ಶರಫಿಯಾದಲ್ಲಿದ್ದ ನಮ್ಮ ಮೂರನೇ ಮಹಡಿಯ ಮನೆಗೆ ಹೋಗಿಬಿಡುತ್ತೇನೆ. ಆ ವಾಸನೆ ಎದುರು ಬಾಗಿಲಿನದು. ಅಲ್ಲಿ ಸುಡಾನಿನ ಇದ್ರೀಸ್ ಎಂಬ ಮುದುಕ ದರ್ಜಿ ಒಬ್ಬರೇ ಇದ್ದರು. ಅರಬಿಯಲ್ಲಿ ಚಿಕ್ಕಪ್ಪನನ್ನು ಕರೆಯುವಂತೆ ನಾನು ಅವರನ್ನು ಅಮ್ಮು ಎನ್ನುತ್ತಿದ್ದೆ. ನನಗಾಗ ಹತ್ತು ವರ್ಷ, ಬಾಯಿ ತುಂಬ ಪ್ರಶ್ನೆ. ಪ್ರಾಯದಲ್ಲಿ ತಾವು ಐವರು ಆಫ್ರಿಕನ್ನರ ಬ್ಯಾಂಡಿನಲ್ಲಿ ಏಳು ವರ್ಷ ಯುರೋಪಿನ ಊರೂರಲ್ಲಿ ಹಾಡಿದ್ದು, ಹ್ಯಾಂಬರ್ಗಿನ ಚಳಿಗೆ ಗಿಟಾರಿನವನ ಬೆರಳು ಮರಗಟ್ಟಿದ್ದು, ಆಮೇಲೆ ಡಿಸ್ಕೋ ಬಂದು ತಮ್ಮನ್ನು ಕರೆಯುವವರೇ ಇಲ್ಲದೆ ಹೋದದ್ದು, ಎಲ್ಲವನ್ನೂ ಅಮ್ಮು ಹರುಕುಮುರುಕು ಉರ್ದುವಿನಲ್ಲಿ ಹೇಳುತ್ತಿದ್ದರು. ಸಾಕ್ಷಿಗೆ ಒಂದೇ ಒಂದು ರೆಕಾರ್ಡು. ಅದರ ರಟ್ಟಿನ ಕವರಿನ ಮೇಲೆ ಬುಟ್ಟಿಯಷ್ಟು ಕೂದಲಿನ ಐವರು. ಈಗ ಅಮ್ಮುವಿನದೋ ಬೋಳು ತಲೆ. ಹಾಕಿ ಕೇಳಲು ಯಂತ್ರವೂ ಇರಲಿಲ್ಲ. "ಎಂತ ಬಂಡಲ್ ಬಿಡ್ತಾನೆ ಮಾರಾಯ್ತಿ! ಅಷ್ಟು ದೊಡ್ಡ ಹಾಡುಗಾರ ಇಲ್ಲಿ ಬಂದು ಅರಬರ ಅಂಗಿ ಹೊಲೀತಾನಾ?" ಎಂದು ಬಾಪ ಉಮ್ಮನ ಹತ್ತಿರ ಜೋರಾಗಿ ನಕ್ಕರು. ಎರಡೂ ಬಾಗಿಲು ತೆರೆದಿದ್ದವು. ಅಮ್ಮುವಿಗೆ ನಮ್ಮ ಭಾಷೆ ತಿಳಿಯದಿದ್ದರೂ ನಗು ತಿಳಿಯಿತು. ಮತ್ತೆ ಅವರು ಬ್ಯಾಂಡಿನ ಮಾತೇ ಎತ್ತಲಿಲ್ಲ. ನನಗೆ ಬಾಪನ ಮೇಲೆ ಸಿಟ್ಟು, ಜೊತೆಗೆ ನಿಜ ಯಾವುದೆಂದು ತಿಳಿಯುವ ತವಕ.

ರಜೆಗೆ ಊರಿಗೆ ಹೊರಡುವ ಹಿಂದಿನ ದಿನ, ಚಿತ್ರ ನೋಡಿ ಕೊಡುತ್ತೇನೆಂದು ಆ ರೆಕಾರ್ಡು ತಂದಿದ್ದೆ. ಗಲ್ಫಿನವರು ಕಾರ್ಟನ್ ಕಟ್ಟುವುದೆಂದರೆ ಗೊತ್ತಲ್ಲ: ಕಂಬಳಿ, ಹಾಲಿನ ಪುಡಿ, ನಡುವೆ ಪಿಂಗಾಣಿ ಸೆಟ್ಟು, ಅದು ಒಡೆಯದಿರಲೆಂದು ಕೈಗೆ ಸಿಕ್ಕ ರಟ್ಟನ್ನೆಲ್ಲ ತುರುಕಿ ಹಗ್ಗ ಬಿಗಿಯುವುದು. ಉಮ್ಮ ರೆಕಾರ್ಡನ್ನೂ ತುರುಕಿಬಿಟ್ಟಿದ್ದರು! ಮಂಗಳೂರಿನಲ್ಲಿ ಹಗ್ಗ ಕತ್ತರಿಸಿದಾಗ ಎರಡು ಬಸಿ ಒಡೆದಿದ್ದವು, ರೆಕಾರ್ಡಿಗೆ ಏನೂ ಆಗಿರಲಿಲ್ಲ. ನಾನು ಅತ್ತು ರಂಪ ಮಾಡಿದ್ದಕ್ಕೆ ಬಾಪ, ಮದುವೆಗಳಿಗೆ ಮೈಕ್ ಕೊಡುವ ಹಳೆಯ ಅಂಗಡಿಗೆ ನನ್ನನ್ನು ಕರೆದೊಯ್ದರು. ಮುಳ್ಳು ಇಟ್ಟೊಡನೆ ತುತ್ತೂರಿ, ಡ್ರಮ್ಮು, ಆಮೇಲೆ ಒಂದು ಎಳೆಯ ದನಿ. ಮನೆಯಲ್ಲಿ ಬಟ್ಟೆ ಕತ್ತರಿಸುವಾಗ ಅಮ್ಮು ಗುನುಗುತ್ತಿದ್ದ, ತೆರೆದ ಬಾಗಿಲಿನಿಂದ ನಮಗೆಲ್ಲ ಕೇಳುತ್ತಿದ್ದ ಅದೇ ರಾಗ, ಸಾಲಿನ ಕೊನೆಗೆ ಕೆಮ್ಮಿನಂಥ ಅದೇ ಸಣ್ಣ ನಗು. ಬಾಪನ ಮುಖ ಸಪ್ಪಗಾಯಿತು. "ಅವರೇ ಮಗಳೇ. ನಾನು ನಗಾಡ್ಬಾರ್ದಿತ್ತು. ಹೋದ ಕೂಡ್ಲೇ ಮಾಫಿ ಕೇಳ್ತೇನೆ," ಎಂದರು.

ಎರಡು ತಿಂಗಳ ಮೇಲೆ ಹಿಂದಿರುಗಿದಾಗ ಎದುರು ಬಾಗಿಲಿಗೆ ಬೀಗ. ಕಫೀಲ್, ಅಂದರೆ ಅವರಿಗೆ ವೀಸಾ ಕೊಟ್ಟಿದ್ದ ಅರಬ ಧಣಿ, ದರ್ಜಿ ಅಂಗಡಿ ಮುಚ್ಚಿ ಅಮ್ಮುವನ್ನು ಸುಡಾನಿಗೆ ಕಳಿಸಿ ಹತ್ತು ದಿನವಾಗಿತ್ತು. ಕಟ್ಟಡದ ಕಾವಲುಗಾರ ನಮ್ಮ ಉಡುಪಿಯವನೇ. "ನಿಮ್ಮ ಮಗಳ ಹತ್ರ ಉಳಿದ ರೆಕಾರ್ಡಿನ ವಿಷಯ ನಾನೇ ಅವ್ರಿಗೆ ನೆನಪು ಮಾಡಿದೆ ಭಾಯಿ," ಎಂದ. "'ಇರ್ಲಿ ಬಿಡು, ಹಾಡು ಕೇಳ್ಲಿಕ್ಕೆ ತಕೊಂಡು ಹೋಗಿದ್ದಾಳೆ' ಅಂತ ಖುಷಿಯಲ್ಲೇ ಹೋದ್ರು." ಬಾಪ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಈಗ ಆ ಕಟ್ಟಡವಿಲ್ಲ, ಬಾಪನೂ ಇಲ್ಲ. ರೆಕಾರ್ಡು ನನ್ನ ಕಪಾಟಿನಲ್ಲಿದೆ. ಹಾಡು ಕೇಳಿದೆವು, ಅಮ್ಮು. ಬಾಪ ಎರಡು ಸಲ ಹಾಕಿಸಿದರು.